ಹತ್ತರಲ್ಲೊಂದು ಮೂಕವಾದಾಗ

ಬಾನುಲಿಯಲ್ಲಿ ವಾರ್ತೆ ಓದುವವರ ಕಂಠವನ್ನು ಶ್ರೋತೃಗಳು ಗುರುತಿಸಬಲ್ಲರು. ಗಾಯಕರ ಹೆಸರನ್ನಂತೂ ಮನೆಮಂದಿಯೆಲ್ಲ ಬಲ್ಲರು. ಆದರೆ ಆ ಕಂಠವನ್ನು ಊರೂರಿಗೆ ಒಯ್ಯುವ ಪ್ರೇಷಕಯಂತ್ರವನ್ನು ಕಾಯುವ ಇಂಜಿನಿಯರನ ಹೆಸರು ಯಾರಿಗೂ ತಿಳಿಯದು. ಯಂತ್ರವು ನೆಟ್ಟಗೆ ನಡೆಯುವಷ್ಟು ಕಾಲ ಅಂತಹವನೊಬ್ಬನಿದ್ದಾನೆಂಬ ನೆನಪೂ ಯಾರಿಗೂ ಬಾರದು. ಅವನ ದಕ್ಷತೆಗೆ ಅದೇ ಪ್ರಮಾಣಪತ್ರ.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವನ್ನು ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿ ಕೇವಲ 30 ವ್ಯಾಟ್. ಇಂದು 10 ಕಿಲೋವ್ಯಾಟಿನ ಎಫ್.ಎಂ. ಪ್ರೇಷಕವೆಂದರೆ ಅದರ ಮುನ್ನೂರು ಪಾಲಿಗೂ ಮಿಗಿಲು. ಹೆಚ್ಚಿದ್ದು ಶಕ್ತಿಯೊಂದೇ ಅಲ್ಲ. ಆ ಶಕ್ತಿಯನ್ನು ಹೊರುವ ಬಗೆಯೂ ಬದಲಾಯಿತು. ಹಿಂದಿನ ದೊಡ್ಡ ಪ್ರೇಷಕಗಳ ಕೊನೆಯ ಹಂತದಲ್ಲಿ ಸಾವಿರಾರು ವೋಲ್ಟುಗಳಲ್ಲಿ ಉರಿಯುವ ಒಂದೆರಡು ಭಾರಿ ವಾಲ್ವುಗಳಿರುತ್ತಿದ್ದವು. ವಾಲ್ವು ಸತ್ತರೆ ನಿಲಯವೂ ಮೂಕವಾಗುತ್ತಿತ್ತು. ಈಗ ಆ ಸ್ಥಾನದಲ್ಲಿ ಟ್ರಾನ್ಸಿಸ್ಟರುಗಳನ್ನು ಹೊತ್ತ, ಸೇದುಪೆಟ್ಟಿಗೆಗಳಂತೆ ಸಾಲಾಗಿ ಜೋಡಿಸಿದ ಶಕ್ತಿಘಟಕಗಳಿವೆ. ಇವಕ್ಕೆ ಪವರ್ ಮಾಡ್ಯೂಲ್ ಎಂದು ಹೆಸರು. ಒಂದೊಂದು ಘಟಕವೂ ಒಂದು ಕಿಲೋವ್ಯಾಟ್ ಕೊಟ್ಟರೆ ಹತ್ತು ಘಟಕಗಳ ಶಕ್ತಿಯು ಒಂದೆಡೆ ಕೂಡಿ ಆಂಟೆನಾವನ್ನು ಸೇರುತ್ತದೆ. ಅವಿಭಕ್ತ ಕುಟುಂಬದಂತೆ, ಒಬ್ಬನು ಹಾಸಿಗೆ ಹಿಡಿದರೂ ಮನೆ ನಡೆಯುತ್ತದೆ.

ಆದರೆ ಈ ಕುಟುಂಬದ ಲೆಕ್ಕವು ಅಷ್ಟು ಸರಳವಲ್ಲ. ಹತ್ತರಲ್ಲಿ ಒಂದು ಘಟಕ ಕೆಟ್ಟರೆ ಒಂಬತ್ತು ಕಿಲೋವ್ಯಾಟ್ ಉಳಿಯಬೇಕೆಂದು ತೋರುವುದು ಸಹಜ. ವಾಸ್ತವವಾಗಿ ಇಂತಹ ಜೋಡಣೆಯಲ್ಲಿ ಸಮತೋಲ ತಪ್ಪಿದುದರಿಂದ 0.9 ಕಿಲೋವ್ಯಾಟ್ ಶಾಖವಾಗಿ ವ್ಯರ್ಥವಾಗಿ, ಆಂಟೆನಾವನ್ನು ತಲುಪುವುದು 8.1 ಮಾತ್ರ. ಐದು ಘಟಕಗಳು ಕೆಟ್ಟರೆ ಅರ್ಧವಲ್ಲ, ಕಾಲುಭಾಗವೇ ಉಳಿಯುವುದು. ಮೊದಲನೆಯ ನಷ್ಟವನ್ನು ನಗರದ ಶ್ರೋತೃವಿನ ಕಿವಿಯು ಗುರುತಿಸದು. ನಷ್ಟ ಬೆಳೆಯುತ್ತ ಹೋದಂತೆ ಅದನ್ನು ಮೊದಲು ಅನುಭವಿಸುವವನು ಪ್ರಸಾರದ ಅಂಚಿನಲ್ಲಿರುವ ಹಳ್ಳಿಗ. ಅವನಿಗೆ ಮಾತು ಹೋಗಿ ಗೊರಗೊರ ಸದ್ದು ಉಳಿಯುತ್ತದೆ. ವಾಲ್ವಿನ ಸಾವು ಊರಿಗೆಲ್ಲ ಕೇಳಿಸುತ್ತಿತ್ತು. ಘಟಕದ ಸಾವು ನಿಶ್ಶಬ್ದವಾದುದು. ಹೊಸ ಯಂತ್ರದ ಗುಣವೂ ಇದೇ, ಅಪಾಯವೂ ಇದೇ.

ಕೆಟ್ಟ ಘಟಕವನ್ನು ಹೊರಗೆಳೆದು ಬೇರೊಂದನ್ನು ಕೂರಿಸುವುದು ಕೆಲವು ನಿಮಿಷಗಳ ಕೆಲಸ. ಅನೇಕ ಪ್ರೇಷಕಗಳಲ್ಲಿ ಪ್ರಸಾರವನ್ನು ನಿಲ್ಲಿಸದೆಯೇ ಇದನ್ನು ಮಾಡಬಹುದು. ಕೆಟ್ಟುದನ್ನು ದುರಸ್ತಿ ಮಾಡುವುದು ಮಾತ್ರ ತಾಳ್ಮೆಯ ವಿದ್ಯೆ. ಒಣಹವೆಯ ದಿನ ಮನುಷ್ಯನ ಮೈಮೇಲೆ ಸೇರುವ ಸ್ಥಿರವಿದ್ಯುತ್ತು ಸುಮಾರು 3000 ವೋಲ್ಟಿಗೆ ಏರುವವರೆಗೂ ಅವನಿಗೆ ಅದರ ಅರಿವಾಗದು. ಟ್ರಾನ್ಸಿಸ್ಟರಿನ ಗೇಟಿಗಾದರೋ ಕೆಲವು ಹತ್ತು ವೋಲ್ಟುಗಳೇ ಮಾರಕ. ಆದುದರಿಂದ ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿಯನ್ನು ಕಟ್ಟದೆ ಪೆಟ್ಟಿಗೆ ತೆರೆಯುವಂತಿಲ್ಲ. 50 ವೋಲ್ಟ್ ತಾನೆ ಎಂದು ಅಸಡ್ಡೆ ಮಾಡುವಂತೆಯೂ ಇಲ್ಲ. ಅಲ್ಲಿ ಹರಿಯುವುದು ಇಪ್ಪತ್ತು ಆಂಪಿಯರಿಗೂ ಮೀರಿದ ಪ್ರವಾಹ, ತಗುಲಿದರೆ ಬೆರಳಿನ ಉಂಗುರವೇ ಕೆಂಡವಾದೀತು. ಕೆಲವು ಟ್ರಾನ್ಸಿಸ್ಟರುಗಳ ಒಳಗಣ ಬಿಳಿಯ ಪಿಂಗಾಣಿಯು ಬೆರಿಲಿಯಂ ಆಕ್ಸೈಡ್; ಒಡೆದು ಅರೆದರೆ ಅದರ ಧೂಳು ಶ್ವಾಸಕೋಶಕ್ಕೆ ವಿಷ. ಹೊಸ ಟ್ರಾನ್ಸಿಸ್ಟರನ್ನು ಕೂರಿಸುವಾಗ ಶಾಖವಾಹಕ ಲೇಪವನ್ನು ತೆಳ್ಳಗೆ, ಸಮನಾಗಿ ಹಚ್ಚಬೇಕು. ದಪ್ಪ ಲೇಪವು ಶಾಖಕ್ಕೆ ದಾರಿಯಾಗದೆ ಅಡ್ಡಗೋಡೆಯಾಗುತ್ತದೆ. ಬಳಿಕ ಪರೀಕ್ಷೆಯು ಆಂಟೆನಾದ ಮೇಲಲ್ಲ, ಶಕ್ತಿಯನ್ನು ಶಾಖವಾಗಿ ನುಂಗುವ ಡಮ್ಮಿ ಲೋಡಿನ ಮೇಲೆ.

ಇಷ್ಟೆಲ್ಲ ಮಾಡಿಯೂ ಮುಖ್ಯವಾದ ಒಂದು ಪ್ರಶ್ನೆ ಉಳಿಯುತ್ತದೆ: ಹಳೆಯದು ಸುಟ್ಟಿದ್ದೇಕೆ? ಉತ್ತರವು ಹಲವು ಸಲ ಘಟಕದ ಹೊರಗೇ ಇರುತ್ತದೆ. ಗಾಳಿಯ ಜಾಲರಿಯಲ್ಲಿ ಧೂಳು ಕಟ್ಟಿರಬಹುದು, ಫ್ಯಾನು ಸೊರಗಿರಬಹುದು, ಗೋಪುರಕ್ಕೆ ಸಿಡಿಲು ಬಡಿದಿರಬಹುದು. ಮಳೆಗಾಲದಲ್ಲಿ ಕೇಬಲಿನ ಕೀಲಿನೊಳಗೆ ನೀರು ಇಳಿದಿದ್ದರೆ ಆಂಟೆನಾ ಒಪ್ಪಿಕೊಳ್ಳದ ಶಕ್ತಿಯು ಹಿಂದಿರುಗಿ ಘಟಕಗಳನ್ನೇ ಬಾಧಿಸುತ್ತದೆ. ಕಾರಣವನ್ನು ಹುಡುಕದೆ ಟ್ರಾನ್ಸಿಸ್ಟರನ್ನು ಮಾತ್ರ ಬದಲಿಸುವುದು ಸೋರುವ ಮಾಡನ್ನು ಬಿಟ್ಟು ನೆಲವನ್ನು ಒರೆಸಿದಂತೆ. ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಇದಕ್ಕೆ ಮದ್ದು ಅತಿ ಸಾಮಾನ್ಯವಾದ ಒಂದು ಪುಸ್ತಕ. ಹೊರಟ ಶಕ್ತಿ, ಹಿಂದಿರುಗಿದ ಶಕ್ತಿ, ಪ್ರತಿಯೊಂದು ಘಟಕದ ಪ್ರವಾಹ ಹಾಗೂ ಉಷ್ಣತೆಗಳನ್ನು ದಿನವೂ ಬರೆದಿಟ್ಟ ಲಾಗ್ ಪುಸ್ತಕವು ಯಂತ್ರದ ನಾಡಿಯನ್ನು ತಿಳಿಸುತ್ತದೆ. ಒಂದು ದಿನದ ಅಂಕಿ ಏನನ್ನೂ ಹೇಳದು. ಒಂದು ತಿಂಗಳ ಅಂಕಿಗಳು ಬರಲಿರುವ ಕೇಡನ್ನು ಮುಂಚೆಯೇ ತೋರುತ್ತವೆ. ಈಗಿನ ಪ್ರೇಷಕಗಳು ಈ ಅಂಕಿಗಳನ್ನು ತಾವೇ ದಾಖಲಿಸಿಕೊಳ್ಳುತ್ತವೆ, ನಿಜ. ಆದರೆ ಓದುವ ಕಣ್ಣಿಲ್ಲದಿದ್ದರೆ ದಾಖಲೆಯಿಂದ ಫಲವೇನು?

ಪ್ರವಾಹದ ರಾತ್ರಿ ವಿದ್ಯುತ್ತು ಕಡಿದು, ಮೊಬೈಲ್ ಫೋನುಗಳು ಸ್ತಬ್ಧವಾದಾಗ ದೂರದ ಹಳ್ಳಿಗನ ಕೈಯಲ್ಲಿ ಉಳಿಯುವುದು ಬ್ಯಾಟರಿಯ ರೇಡಿಯೊ ಒಂದೇ. ನೀರು ಎಷ್ಟು ಏರೀತು, ಯಾವ ದಾರಿ ಮುಳುಗಿತು ಎಂಬ ಮಾತು ಅವನನ್ನು ತಲುಪುವುದೋ ಇಲ್ಲವೋ ಎಂಬುದು, ತಿಂಗಳುಗಳ ಹಿಂದೆ ಯಾರೋ ಒಬ್ಬನು ಜಾಲರಿಯ ಧೂಳನ್ನು ಕೊಡವಿದನೋ ಇಲ್ಲವೋ ಎಂಬುದನ್ನೂ ಅವಲಂಬಿಸಿದೆ.