ಗಬ್ಬೂರು ಅಂದ್ರೆ ಟೋಲ್ ನಾಕಾ ಅಷ್ಟೇನಾ?

ನಮ್ಮ ಆಫೀಸಿನವರದ್ದು ಒಂದು ತಮಾಷೆ ಇದೆ. ಆಸ್ಟ್ರೇಲಿಯಾಕ್ಕೆ ಹೋಗುವಾಗ ಸಿಂಗಪುರದಲ್ಲಿ ವಿಮಾನ ಬದಲಿಸಲು ಎಂಟು ತಾಸು ಸಿಕ್ಕರೆ ಸಾಕು, ಗಂಡ ಹೆಂಡತಿ ಊರೆಲ್ಲ ಸುತ್ತಿ ಇನ್ನೂರು ಫೋಟೋ ಹಾಕ್ತಾರೆ. ಅದೇ ಜನ ಕಾರಿನಲ್ಲಿ ಗೋವಾಕ್ಕೆ ಹೊರಟರೆ ಹುಬ್ಬಳ್ಳಿಗೆ ಅರ್ಧ ತಾಸೂ ಕೊಡೋದಿಲ್ಲ. ಗಬ್ಬೂರಿನಲ್ಲಿ ಬೈಪಾಸ್ ಹಿಡಿದು ನರೇಂದ್ರದಲ್ಲಿ ಹೊರಬಿದ್ದರೆ ಮುಗೀತು.

ಬೈಯೋ ಅಧಿಕಾರ ನನಗೂ ಇಲ್ಲ ಬಿಡಿ. ಗಬ್ಬೂರು ನನ್ನ ಸ್ವಂತ ಊರು. ಮದುವೆಯಾಗಿ ಎರಡು ವರ್ಷ ಆಗಿತ್ತು. ಬೆಳಗಾವಿ ಕಡೆ ಮದುವೆ ಮುಂಜಿ ಅಂತ ನಾಲ್ಕು ಸಲ ಅದೇ ದಾರಿಯಲ್ಲಿ ಹೋಗಿದ್ದೆವು. ನನ್ನವಳು (ಮೈಸೂರಿನವಳು) ಗಬ್ಬೂರಿನಲ್ಲಿ ನೋಡಿದ್ದು ಟೋಲ್ ನಾಕಾ ಮತ್ತು ಲಾರಿಗಳ ಸಾಲು ಮಾತ್ರ. ಕಡೆಗೆ ಕಾಕಾ ಫೋನ್ ಮಾಡಿ, "ಟೋಲ್ ಕಟ್ಟಾಕ ಗಬ್ಬೂರಾಗ ನಿಂದರ್ತಿ, ಮನಿಗೆ ಬರಾಕ ಟೈಮ್ ಇಲ್ಲೇನಲೇ ನಿನಗ?" ಅಂದಾಗ ಉತ್ತರ ಇರಲಿಲ್ಲ.

ಹಾಗಾಗಿ 2023ರ ಡಿಸೆಂಬರ್‌ನಲ್ಲಿ ಗೋವಾಕ್ಕೆ ಹೊರಟಾಗ ಐದು ತಾಸು ಹುಬ್ಬಳ್ಳಿಗೆ ಅಂತ ತೆಗೆದಿಟ್ಟೆ. ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರು ಬಿಟ್ಟು ಹನ್ನೊಂದಕ್ಕೆ ಕಾಕಾನ ಮನೆ. "ಐದು ತಾಸು ಏನ್ರೀ ಮಾಡೋದು ಅಲ್ಲಿ?" ಅಂತ ದಾರಿಯುದ್ದಕ್ಕೂ ಕೇಳ್ತಾನೇ ಇದ್ದಳು.

ಚಹಾ ಕುಡಿದು ಮೊದಲು ಸಿದ್ಧಾರೂಢ ಮಠಕ್ಕೆ ಹೋದೆವು. 1929ರಲ್ಲಿ ದೇಹಬಿಟ್ಟ ಸ್ವಾಮಿಗಳ ಗದ್ದುಗೆ ಮುಂದೆ ಅವಳು ಸುಮ್ಮನೆ ಕೂತುಬಿಟ್ಟಳು. ನಾನೇ ಎಬ್ಬಿಸಬೇಕಾಯಿತು. ಆಮೇಲೆ ಅವರ ಹೆಸರಿನದೇ ರೈಲು ನಿಲ್ದಾಣ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರಂ 1507 ಮೀಟರ್ ಉದ್ದ. ಗೋರಖ್‌ಪುರದ 1366 ಮೀಟರ್ ದಾಖಲೆ ಮುರಿದದ್ದು. ತುದಿಯ ತನಕ ನಡೀತೀನಿ ಅಂದವಳು ಅರ್ಧಕ್ಕೇ ಬೆಂಚು ಹುಡುಕಿದಳು :) ಮಧ್ಯಾಹ್ನ ಮತ್ತೆ ಕಾಕಾನ ಮನೆಯಲ್ಲಿ ರೊಟ್ಟಿ, ಜುಣಕ, ಎಣ್ಣೆಗಾಯಿ. ಕಾಕು ಅವಳಿಗೆ ರೊಟ್ಟಿ ಬಡಿಯೋದು ಕಲಿಸಿದ್ದು ಬೇರೆಯೇ ಒಂದು ಪೋಸ್ಟ್ ಆಗುತ್ತೆ.

ಹುಬ್ಬಳ್ಳಿ ಚೆಂದದ ಊರು ಅಂತ ನಾನೂ ಹೇಳೋದಿಲ್ಲ. ಧೂಳು ವಿಪರೀತ. ಆದರೆ ದಾರಿಯಲ್ಲೇ ಸಿಗುವ ಉಣಕಲ್ ಕೆರೆ, ಅಲ್ಲೇ ಓಣಿಯೊಳಗೆ ಮನೆಗಳ ನಡುವೆ ನಿಂತಿರುವ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ... ನಾಲ್ಕೂ ದಿಕ್ಕಿಗೆ ಬಾಗಿಲು, ಒಳಗೆ ಚತುರ್ಮುಖ ಲಿಂಗ. ಹಂಪಿಯಲ್ಲಿದ್ದಿದ್ದರೆ ಸಾಲು ಹಚ್ಚಿ ನೋಡ್ತಿದ್ದೆವು. ಅವತ್ತು ಅಲ್ಲಿ ನಾವಿಬ್ಬರೇ.

ಹೊರಡುವಾಗ ಕಾಕಾ, "ಬೈಪಾಸ್ ಬ್ಯಾಡ, ಊರಾಗಿಂದನ ಹೋಗ್ರಿ" ಅಂದರು. ಆ ಮಾತಿಗೆ ಕಾರಣ ಇದೆ. 2021ರ ಜನವರಿ 15ರಂದು ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನ ಇಟಿಗಟ್ಟಿ ಹತ್ತಿರ ಟಿಪ್ಪರ್‌ಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತದ್ದು ಇದೇ ಬೈಪಾಸ್‌ನಲ್ಲಿ. ಆಚೆ ಈಚೆ ಹೆದ್ದಾರಿ ಅಗಲವಾಗಿ, ನಡುವಿನ ಮೂವತ್ತು ಕಿಲೋಮೀಟರ್ ಮಾತ್ರ ಆಗ ಎರಡೇ ಪಥ ಇತ್ತು. ಅದನ್ನು ಆರು ಪಥ ಮಾಡುವ ಕೆಲಸಕ್ಕೆ ಶಂಕುಸ್ಥಾಪನೆ ಆಗಿದ್ದು 2022ರಲ್ಲಿ. ರಸ್ತೆ ಅಗಲ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಗಲ ಆದಷ್ಟೂ ನಮ್ಮೂರ ಕಡೆ ಯಾರೂ ತಿರುಗಿ ನೋಡೋದಿಲ್ಲ ಅನ್ನೋ ಸಂಕಟವೂ ಇದೆ. ಊರೊಳಗಿನಿಂದ ಹೋದರೆ ಸಿಗ್ನಲ್ ಲೆಕ್ಕ ಹಾಕಿದರೂ ಹೆಚ್ಚೇನೂ ತಡ ಆಗೋದಿಲ್ಲ. ಪಕ್ಕದಲ್ಲಿ ಚಿಗರಿ ಬಸ್ಸು ಓಡ್ತಿರುತ್ತೆ, ಧಾರವಾಡದಲ್ಲಿ ಪೇಡೆಯೂ ಆಗುತ್ತೆ.

ಪಣಜಿ ಮುಟ್ಟಿದಾಗ ರಾತ್ರಿ ಹತ್ತು. ಹೋಟೆಲಿನ ಅಡುಗೆಮನೆ ಮುಚ್ಚಿತ್ತು. ಕಾಕು ಕಟ್ಟಿಕೊಟ್ಟಿದ್ದ ಬುತ್ತಿ ಬಿಚ್ಚಿ ಹಾಸಿಗೆ ಮೇಲೇ ಕೂತು ತಿಂದೆವು. "ವಾಪಸ್ ಹೋಗೋವಾಗ ನಿಲ್ಲೋಣ ಅಲ್ವಾ? ಗಿರ್ಮಿಟ್ ತಿನ್ನಲೇ ಇಲ್ಲ" ಅಂದಳು.