ಜಿಬಿಎಸ್ ಇದ್ದವರಿಗೂ ಮನೆ ಹೆರಿಗೆ ಸರಿಯೇ?

ಮನೆಯಲ್ಲೇ ಹೆರುತ್ತೇನೆ ಎನ್ನುವ ಹೆಣ್ಣುಮಕ್ಕಳನ್ನು ನಾನು ಗೇಲಿ ಮಾಡುವವಳಲ್ಲ. ನಮ್ಮ ಉಮ್ಮಂದಿರ ಕಾಲದವರೆಗೂ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಹೆಚ್ಚಿನ ಮನೆಗಳಿಗೆ ಸೂಲಗಿತ್ತಿಯೇ ಬರುತ್ತಿದ್ದದ್ದು. ಇವತ್ತು ಮನೆಯೇ ಬೇಕು ಎನ್ನುವವರಿಗೂ ಕಾರಣಗಳಿವೆ. ಲೇಬರ್ ರೂಮಿನ ಬೈಗುಳ, ಬಾಗಿಲ ಹೊರಗೆ ನಿಲ್ಲಿಸಿದ ಉಮ್ಮ, ಹೇಳದೆ ಕೇಳದೆ ಒಳಗೆ ಬರುವ ಗಂಡಸರು, ಕೊನೆಗೆ ಸಿಸೇರಿಯನ್ ಬಿಲ್ಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕೇರಳದಲ್ಲಿ 100 ಹೆರಿಗೆಗಳಲ್ಲಿ ಸುಮಾರು 39 ಸಿಸೇರಿಯನ್. ಹೆದರಿಕೆ ಹುಟ್ಟದೆ ಇರುತ್ತದೆಯೇ?

ಆದರೆ ಒಂದು ಸಂದರ್ಭದಲ್ಲಿ ಮಾತ್ರ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ತಾಯಿಯ ದೇಹದಲ್ಲಿ ಗ್ರೂಪ್ ಬಿ ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾ ಇದೆ ಎಂದು ಗೊತ್ತಾದ ಮೇಲೆ. ಇದನ್ನು ಬರೆಯಲು ಕಾರಣ ನನ್ನ ಗಂಡನ ತಂಗಿಯ ಮಗಳು. ಆರನೇ ತಿಂಗಳಲ್ಲಿ ಮೂತ್ರದ ಕಲ್ಚರ್ ಮಾಡಿಸಿದಾಗ ಅವಳಿಗೆ ಇದು ಇದೆ ಎಂದು ತಿಳಿಯಿತು. ಅದೇ ಹೊತ್ತಿಗೆ ಅವಳ ಗಂಡನ ವಾಟ್ಸಾಪಿಗೆ ದಕ್ಷಿಣದ ಜಿಲ್ಲೆಗಳಿಂದ ಮನೆ ಹೆರಿಗೆಯ ವಾಯ್ಸ್ ಮೆಸೇಜುಗಳು ಬರುತ್ತಿದ್ದವು. "ಮಾಮಿ, ಅವರೆಲ್ಲ ಆರಾಮಾಗಿ ಹೆತ್ತಿದ್ದಾರಲ್ಲ, ನನಗೆ ಮಾತ್ರ ಯಾಕೆ ಆಗಬಾರದು?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆಯೇ.

ಮೊದಲು ಒಂದು ಗೊಂದಲ ಬಿಡಿಸೋಣ. 2025ರ ಆರಂಭದಲ್ಲಿ ಪುಣೆಯಲ್ಲಿ ಜಿಬಿಎಸ್ ಎಂದು ಸುದ್ದಿಯಾದದ್ದು ನರಗಳ ಕಾಯಿಲೆ, ಗೀಯನ್-ಬಾರೆ. ಹೆಸರಿನ ಅಕ್ಷರ ಒಂದೇ, ವಿಷಯ ಬೇರೆ. ನಮ್ಮ ಮನೆಯ ಹಿರಿಯರೊಬ್ಬರು ಇದರಿಂದಲೇ ಎರಡು ದಿನ ಊಟ ಬಿಟ್ಟಿದ್ದರು.

ಗ್ರೂಪ್ ಬಿ ಸ್ಟ್ರೆಪ್ ಕೊಳಕಿನಿಂದ ಬರುವುದಲ್ಲ, ಲೈಂಗಿಕ ರೋಗವೂ ಅಲ್ಲ. ಗಂಡನ ಮೇಲೆ ಸಂಶಯ ಪಡಬೇಕಾಗಿಲ್ಲ, ಎಷ್ಟು ಶುಚಿಯಾಗಿದ್ದರೂ ಇರಬಹುದು. ಲೋಕದಲ್ಲಿ ಸುಮಾರು ಐವರು ಗರ್ಭಿಣಿಯರಲ್ಲಿ ಒಬ್ಬರ ಕರುಳಿನಲ್ಲೋ ಜನನಾಂಗದಲ್ಲೋ ಇದು ಸುಮ್ಮನೆ ಇರುತ್ತದೆ. ಹೆಚ್ಚಿನವರಿಗೆ ಏನೂ ತೊಂದರೆ ಕೊಡುವುದಿಲ್ಲ. ತೊಂದರೆ ಬರುವುದು ಹೆರಿಗೆಯ ಹೊತ್ತಿನಲ್ಲಿ, ಅದೂ ಮಗುವಿಗೆ.

ಲೆಕ್ಕ ಹೀಗಿದೆ. ಔಷಧಿ ಕೊಡದೆ ಬಿಟ್ಟರೆ ಇಂಥ 100 ತಾಯಂದಿರಲ್ಲಿ ಸುಮಾರು 50 ಮಂದಿಯ ಮಕ್ಕಳಿಗೆ ಬ್ಯಾಕ್ಟೀರಿಯಾ ದಾಟುತ್ತದೆ. ಅವುಗಳಲ್ಲಿ ಒಂದೋ ಎರಡೋ ಮಕ್ಕಳು ಕಾಯಿಲೆ ಬೀಳುತ್ತವೆ. ಉಳಿದ 98 ಮನೆಗಳಲ್ಲಿ ಎಲ್ಲವೂ ಸುಖ. ವಾಯ್ಸ್ ಮೆಸೇಜು ಕಳುಹಿಸುವವರು ಆ 98 ಮನೆಯವರು. ಅವರು ಸುಳ್ಳು ಹೇಳುತ್ತಿಲ್ಲ. ಮಗು ಕಳಕೊಂಡ ಉಮ್ಮ ಫೋನ್ ಹಿಡಿದು ರೆಕಾರ್ಡ್ ಮಾಡುವುದಿಲ್ಲ, ಅಷ್ಟೆ. ಆ ಒಂದೆರಡು ಮಕ್ಕಳಿಗೆ ಬರುವುದು ರಕ್ತದ ನಂಜು, ನ್ಯುಮೋನಿಯಾ, ಕೆಲವೊಮ್ಮೆ ಮೆದುಳಿನ ಪೊರೆಯ ಸೋಂಕು. ಹೆಚ್ಚಿನವು ಮೊದಲ 24 ಗಂಟೆಯೊಳಗೆ ಶುರುವಾಗುತ್ತವೆ. ಮನೆಯವರು ಬಾಂಗ್ ಹೇಳಿ, ಮಿಠಾಯಿ ಹಂಚಿ, ಮಗು ನಿದ್ದೆ ಮಾಡುತ್ತಿದೆ ಎಂದು ಸಮಾಧಾನದಲ್ಲಿರುವ ಗಂಟೆಗಳು ಅವು.

ತಡೆಯುವ ದಾರಿ ಇದೆ, ದುಬಾರಿಯೂ ಅಲ್ಲ: ಪೆನ್ಸಿಲಿನ್. ಆದರೆ ಅದನ್ನು ಹೆರಿಗೆ ನೋವು ಶುರುವಾದ ಮೇಲೆ ರಕ್ತನಾಳದ ಮೂಲಕವೇ ಕೊಡಬೇಕು. ಮೊದಲ ಡೋಸ್ ಮಗು ಹೊರಬರುವ ನಾಲ್ಕು ಗಂಟೆ ಮೊದಲಾದರೂ ಸೇರಿದ್ದರೆ ಒಳ್ಳೆಯದು, ಆಮೇಲೆ ನಾಲ್ಕು ಗಂಟೆಗೊಮ್ಮೆ. ಎಂಟನೇ ತಿಂಗಳಲ್ಲೇ ಮಾತ್ರೆ ನುಂಗಿ ಮುಗಿಸುತ್ತೇನೆ ಎಂದರೆ ನಡೆಯದು. ಕರುಳಿನಲ್ಲಿ ಉಳಿದದ್ದು ಮತ್ತೆ ಹಬ್ಬುತ್ತದೆ. ಬೆಳ್ಳುಳ್ಳಿ, ಮೊಸರು, ಅಕ್ಯುಪಂಕ್ಚರ್ ಸೂಜಿ ಯಾವುದೂ ಮಗುವನ್ನು ಕಾಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕ್ಲೋರ್‌ಹೆಕ್ಸಿಡಿನ್ ಎಂಬ ನಂಜುನಿರೋಧಕ ದ್ರವದಿಂದ ಹೆರಿಗೆ ಹೊತ್ತಿನಲ್ಲಿ ಒರೆಸಿದರೆ ಸಾಕೇ ಎಂದು ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ ಸಾವಿರಾರು ತಾಯಂದಿರ ಮೇಲೆ ಪರೀಕ್ಷಿಸಿದರು. ಪ್ರಯೋಜನವಾಗಲಿಲ್ಲ. ರಕ್ತನಾಳದ ಔಷಧಿಯ ಕಥೆ ಬೇರೆ. ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲಿ 1000 ಜನನಕ್ಕೆ ಸುಮಾರು 1.7 ಮಕ್ಕಳಿಗೆ ಈ ಕಾಯಿಲೆ ಬರುತ್ತಿತ್ತು. 2015ರ ಹೊತ್ತಿಗೆ ಅದು 0.23ಕ್ಕೆ ಇಳಿಯಿತು.

ಹಾಗಾದರೆ ಮನೆಗೇ ನರ್ಸನ್ನು ಕರೆಸಿ ಡ್ರಿಪ್ ಹಾಕಿಸಬಾರದೇ? ಬ್ರಿಟನ್ನಿನ ಕೆಲವು ಕಡೆ ತರಬೇತಾದ ಸೂಲಗಿತ್ತಿಯರು ಮನೆಯಲ್ಲೂ ಇದನ್ನು ಕೊಡುತ್ತಾರೆ, ನಿಜ. ಅವರ ಹಿಂದೆ ಆಂಬುಲೆನ್ಸು, ಆಸ್ಪತ್ರೆ, ದಾಖಲೆ ಎಲ್ಲವೂ ಒಂದೇ ಸರಪಳಿಯಾಗಿ ನಿಂತಿರುತ್ತವೆ. ನಮ್ಮಲ್ಲಿ ಆ ಸರಪಳಿ ಇಲ್ಲ. ಪೆನ್ಸಿಲಿನ್ ಅಪರೂಪಕ್ಕೆ ಕೆಲವರಿಗೆ ಜೀವ ತೆಗೆಯುವಂಥ ಅಲರ್ಜಿ ಮಾಡುತ್ತದೆ. ಅದನ್ನು ಮಲಗುವ ಕೋಣೆಯಲ್ಲಿ ಎದುರಿಸಲಾಗದು. ಆಸ್ಪತ್ರೆ ದೂರವಾದರೆ ಏನಾಗುತ್ತದೆ ಎಂದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿಗೆ ಹೊರಟ ರೋಗಿಗಳು ಆಂಬುಲೆನ್ಸಿನಲ್ಲೇ ತಡೆದು ನಿಂತದ್ದನ್ನು ನೋಡಿದವರು ನಾವು. ಅಂದು ಬಾಗಿಲು ಮುಚ್ಚಿದ್ದು ಸರಕಾರ. ಇಂದು ತೆರೆದ ಬಾಗಿಲಿಗೆ ನಾವೇ ಬೆನ್ನು ಹಾಕುವುದೇ?

ಮರ್ಯಮ್ ಬೀವಿ ಖರ್ಜೂರದ ಮರದ ಕೆಳಗೆ ಒಬ್ಬರೇ ಹೆತ್ತರಲ್ಲ ಎನ್ನುವವರಿದ್ದಾರೆ. ಅವರು ಊರು ಬಿಟ್ಟು ಒಂಟಿಯಾಗಿದ್ದರು, ಬೇರೆ ದಾರಿ ಇರಲಿಲ್ಲ. ದಾರಿ ಇದ್ದವರು ಆ ಕಥೆಯನ್ನು ಮಾದರಿ ಮಾಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಖರ್ಜೂರವನ್ನು ಲೇಬರ್ ರೂಮಿಗೂ ಒಯ್ಯಬಹುದು. 2025ರ ಏಪ್ರಿಲ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಬಾಡಿಗೆ ಮನೆಯೊಂದರಲ್ಲಿ ಐದನೇ ಮಗುವನ್ನು ಹೆತ್ತ ತಾಯಿ ರಕ್ತಸ್ರಾವದಿಂದ ತೀರಿಕೊಂಡರು, ಗಂಡನ ಬಂಧನವಾಯಿತು. ಅದು ಸ್ಟ್ರೆಪ್ ವಿಷಯವಲ್ಲ. ಆದರೆ ಹೊತ್ತಿಗೆ ಸರಿಯಾಗಿ ಕೈಗೆ ಸಿಗಬೇಕಾದದ್ದು ಸಿಗದಿದ್ದರೆ ಏನಾಗುತ್ತದೆ ಎಂಬ ಮಾತು ಎರಡರಲ್ಲೂ ಒಂದೇ.

ಆಸ್ಪತ್ರೆಗೆ ಹೋಗು ಎಂದು ಹೇಳಿ ಕೈ ತೊಳೆದುಕೊಂಡರೆ ನಮ್ಮ ಹುಡುಗಿಯರಿಗೆ ಮೋಸ. ಮನೆ ಹೆರಿಗೆಯಲ್ಲಿ ಅವರು ಹುಡುಕುತ್ತಿದ್ದದ್ದನ್ನು ಆಸ್ಪತ್ರೆಯಲ್ಲಿ ಕೇಳಿ ಪಡೆಯಲು ಜೊತೆಗೆ ನಿಲ್ಲಬೇಕು. ಹೆರಿಗೆಯ ಹೊತ್ತಿನಲ್ಲಿ ಜೊತೆಗೊಬ್ಬರು ಇರಬಹುದೆಂದು ಕೇಂದ್ರ ಆರೋಗ್ಯ ಇಲಾಖೆಯೇ 2016ರಲ್ಲಿ ಸರಕಾರಿ ಆಸ್ಪತ್ರೆಗಳಿಗೆ ಹೇಳಿದೆ. ಹೆಣ್ಣು ಡಾಕ್ಟರ್ ಬೇಕು, ಪರದೆ ಬೇಕು ಎಂದು ಏಳನೇ ತಿಂಗಳಲ್ಲೇ ಮಾತಾಡಿಡಬಹುದು. ಸ್ಟ್ರೆಪ್ ಇದೆ ಎಂಬ ಕಾರಣಕ್ಕೆ ಮಾತ್ರ ಸಿಸೇರಿಯನ್ ಬೇಕಾಗಿಲ್ಲ ಎಂಬುದೂ ಗೊತ್ತಿರಲಿ. ಯಾರಾದರೂ ಹಾಗೆ ಹೆದರಿಸಿದರೆ ಧೈರ್ಯವಾಗಿ ಪ್ರಶ್ನೆ ಕೇಳಿ.

ನಮ್ಮ ದೇಶದಲ್ಲಿ ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆ ಮಾಡುವ ಪದ್ಧತಿ ಇಲ್ಲ. ಬೇಕೆಂದರೆ 36ನೇ ವಾರದ ಆಸುಪಾಸಿನಲ್ಲಿ ನಾವೇ ಕೇಳಬೇಕು. ಹತ್ತಿಯ ಕಡ್ಡಿಯಿಂದ ಒರೆಸಿ ತೆಗೆಯುವುದು, ನೋವಿಲ್ಲ. ಇದೆ ಎಂದು ಬಂದರೆ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಸಿ, ಪೆನ್ಸಿಲಿನ್ ಅಲರ್ಜಿ ಇದ್ದರೆ ಅದನ್ನೂ. ರಾತ್ರಿ ಪಾಳಿಯ ಡಾಕ್ಟರಿಗೆ ನಿಮ್ಮ ಪರಿಚಯ ಇರುವುದಿಲ್ಲ. ನೀರು ಒಡೆದರೆ ನೋವು ಬರಲಿ ಎಂದು ಬೆಳಗಿನವರೆಗೆ ಕಾಯಬೇಡಿ. ಎರಡನೇ, ಮೂರನೇ ಹೆರಿಗೆಯವರು ಇನ್ನೂ ಬೇಗ ಹೊರಡಬೇಕು, ಆ ನಾಲ್ಕು ಗಂಟೆ ಸಿಗುವುದು ಕಷ್ಟ.

ಹೆರಿಗೆಯಾದ ಮೇಲೂ ಬಾಣಂತನ ನೋಡಿಕೊಳ್ಳುವವರಿಗೆ ಇಷ್ಟು ಹೇಳಿಡಿ: ಮಗು ಹಾಲು ಬಿಟ್ಟರೆ, ನರಳುತ್ತಾ ವೇಗವಾಗಿ ಉಸಿರಾಡಿದರೆ, ಮೈ ಸುಟ್ಟರೂ ತಣ್ಣಗಾದರೂ, ಬಟ್ಟೆಯಂತೆ ಮೆತ್ತಗೆ ಬಿದ್ದುಕೊಂಡರೆ ಕೂಡಲೇ ಆಸ್ಪತ್ರೆ. ಹೆರಿಗೆ ಹೊತ್ತಿನ ಔಷಧಿ ಮೊದಲ ವಾರದ ಕಾಯಿಲೆಯನ್ನಷ್ಟೇ ತಡೆಯುತ್ತದೆ. ಮೂರು ತಿಂಗಳವರೆಗೂ ತಡವಾಗಿ ಬರುವ ಇನ್ನೊಂದು ಬಗೆ ಇದೆ. ನಲವತ್ತು ಮುಗಿಯಲಿ, ಆಮೇಲೆ ಹೊರಗೆ ಕರೆದುಕೊಂಡು ಹೋಗೋಣ ಎಂದು ಆಗ ಯಾರೂ ಹೇಳಬಾರದು.