ವೇಗದ ದಂಡ ಯಾರ ತಲೆಗೆ?

ವಾಹನ ವೇಗಮಿತಿ ಮೀರಿದೆ, ಇಷ್ಟು ದಂಡ ಕಟ್ಟಿ ಎಂಬ ಸಂದೇಶ ಮೊಬೈಲಿಗೆ ಬಂದಾಗ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಮೂರು ಪ್ರಶ್ನೆಗಳಿಗೆ ಸೀಮಿತ. ಕ್ಯಾಮೆರಾ ಎಲ್ಲಿತ್ತು? ಈಗಲೇ ಕಟ್ಟಬೇಕೇ, ರಿಯಾಯಿತಿ ಘೋಷಣೆಯಾಗುವವರೆಗೆ ಕಾಯಬಹುದೇ? ಇಷ್ಟು ಒಳ್ಳೆಯ ರಸ್ತೆಯಲ್ಲಿ ನಿಧಾನವಾಗಿ ಹೋಗುವುದಾದರೂ ಹೇಗೆ? ನಾವು ಮಾಡಿದ್ದು ಅಪರಾಧವೇ ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ವಿದ್ಯುತ್ ಬಿಲ್ಲು, ನೀರಿನ ಬಿಲ್ಲುಗಳ ಸಾಲಿನಲ್ಲಿ ವೇಗದ ದಂಡವೂ ಖರ್ಚಿನ ಒಂದು ಬಾಬತ್ತಾಗಿ ಸೇರಿಹೋಗಿದೆ.

ಅದೇ ಸಂದೇಶ ಲಾರಿ ಅಥವಾ ಬಾಡಿಗೆ ವಾಹನವೊಂದಕ್ಕೆ ಬಂದಾಗ ಕಥೆ ಬೇರೆ. ಕ್ಯಾಮೆರಾ ಓದುವುದು ನೋಂದಣಿ ಸಂಖ್ಯೆಯನ್ನು, ಚಾಲಕನ ಮುಖವನ್ನಲ್ಲ. ನೋಟಿಸು ಹೋಗುವುದು ಮಾಲೀಕನಿಗೆ. ಆತ ಆ ಮೊತ್ತವನ್ನು ಚಾಲಕನ ಸಂಬಳದಲ್ಲಿ ಮುರಿದುಕೊಂಡರೆ ಕೇಳುವವರಿಲ್ಲ. ಎರಡನೆಯ ಬಾರಿ ಸಿಕ್ಕಿಬಿದ್ದವನ ಚಾಲನಾ ಪರವಾನಗಿಯನ್ನೇ ವಶಪಡಿಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ. ಸ್ವಂತ ಕಾರಿನಲ್ಲಿ ಕಚೇರಿಗೆ ಹೋಗುವವನಿಗೆ ಅದು ಅನಾನುಕೂಲ. ಸ್ಟೀರಿಂಗ್ ಹಿಡಿದೇ ಬದುಕುವವನಿಗೆ ಮನೆಯ ಒಲೆ ಆರಿದಂತೆ. ದಂಡ ಬೇಡವೆಂಬುದು ನನ್ನ ವಾದವಲ್ಲ. ವೇಗವನ್ನು ನಿರ್ಧರಿಸುವವನು ಒಬ್ಬ, ಅದರ ಫಲ ಉಣ್ಣುವವನು ಇನ್ನೊಬ್ಬ ಎಂಬ ವ್ಯವಸ್ಥೆಯ ಬಗ್ಗೆ ನನ್ನ ಆಕ್ಷೇಪ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ವಿಭಜಕವಿರುವ ಚತುಷ್ಪಥ ಹೆದ್ದಾರಿಯಲ್ಲಿ ಕಾರಿನ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ., ಬಸ್ಸಿಗೆ 90, ಸರಕು ವಾಹನಕ್ಕೆ 80. ಇತರ ಸಾಮಾನ್ಯ ರಸ್ತೆಗಳಲ್ಲಿ ಕಾರಿಗೆ 70, ಬಸ್ಸು-ಲಾರಿಗಳಿಗೆ 60. ರಾಜ್ಯಗಳು ಇದಕ್ಕಿಂತ ಕಡಿಮೆ ಮಿತಿ ವಿಧಿಸಬಹುದು. ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನ ಪ್ರಕಾರ 2019ರವರೆಗೆ ಮೊದಲ ಉಲ್ಲಂಘನೆಗೆ ದಂಡ 400 ರೂಪಾಯಿ ಮೀರುತ್ತಿರಲಿಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು ಲಘು ವಾಹನಗಳಿಗೆ 1,000ದಿಂದ 2,000 ರೂಪಾಯಿಗೂ, ಮಧ್ಯಮ ಮತ್ತು ಭಾರಿ ವಾಹನಗಳಿಗೆ 2,000ದಿಂದ 4,000 ರೂಪಾಯಿಗೂ ಏರಿಸಿತು. 2024ರ ಆಗಸ್ಟ್ 1ರಿಂದ 130 ಕಿ.ಮೀ. ವೇಗ ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ ರಾಜ್ಯ ಪೊಲೀಸರು ಪ್ರಕಟಿಸಿದರು. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಡಿ ಅಜಾಗರೂಕ ಚಾಲನೆಗೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಅಂದರೆ ವಿಷಯ ರಸೀದಿ ದಾಟಿ ಕಟಕಟೆಯನ್ನು ತಲುಪಿದೆ.

ಈ ಬಿಗಿ ಅನಗತ್ಯವೆನ್ನಲಾಗದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಕರ್ನಾಟಕವೊಂದರಲ್ಲೇ 11,702. ಒಟ್ಟು ಸಾವುಗಳಲ್ಲಿ ಶೇಕಡ 71ಕ್ಕೂ ಹೆಚ್ಚಿನವಕ್ಕೆ ಅತಿವೇಗವೇ ಕಾರಣವೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ದಾಖಲಿಸಿದೆ. ತುಮಕೂರಿನಿಂದ ಶಿರಾಕ್ಕೆ ಸುಮಾರು 50 ಕಿ.ಮೀ. 80ರ ಬದಲು 100ರ ವೇಗದಲ್ಲಿ ಹೋದರೆ ಉಳಿಯುವುದು ಏಳೂವರೆ ನಿಮಿಷ. ಆ ಏಳೂವರೆ ನಿಮಿಷಕ್ಕಾಗಿ ವೇಗ ಕಾಲು ಭಾಗದಷ್ಟು ಹೆಚ್ಚಿದರೆ, ಡಿಕ್ಕಿಯ ಹೊಡೆತದ ಶಕ್ತಿ ಅರ್ಧಕ್ಕಿಂತ ಅಧಿಕವಾಗಿ ಹೆಚ್ಚುತ್ತದೆ. ಇದು ಪೊಲೀಸರು ಹೇಳುವ ಬುದ್ಧಿಮಾತಲ್ಲ, ಪ್ರೌಢಶಾಲೆಯ ಭೌತಶಾಸ್ತ್ರ.

ಆದರೆ ಈ ವೇಗ ಎಲ್ಲಿ ಹುಟ್ಟುತ್ತದೆ? ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವನ್ನು ಉದಾಹರಣೆಯಾಗಿ ನೋಡಬಹುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಈ ಬಯಲುಸೀಮೆಯಲ್ಲಿ ಮಳೆ ಕಡಿಮೆ, ಹಾದಿಗಳು ಹಲವು. ಹಿಂದೆ 4ನೇ ಸಂಖ್ಯೆಯಲ್ಲಿದ್ದು ಈಗ 48 ಆಗಿರುವ ಬೆಂಗಳೂರು-ಪುಣೆ ರಾಷ್ಟ್ರೀಯ ಹೆದ್ದಾರಿ ಶಿರಾವನ್ನು ಹಾದುಹೋಗುತ್ತದೆ. ಹುಳಿಯಾರಿನ ಕಡೆಯಿಂದ ಬರುವ ಮತ್ತೊಂದು ಹೆದ್ದಾರಿ ಶಿರಾ, ಮಧುಗಿರಿಗಳನ್ನು ದಾಟಿ ಗೌರಿಬಿದನೂರಿನತ್ತ ಸಾಗುತ್ತದೆ. ಮಳವಳ್ಳಿ-ಪಾವಗಡ ರಾಜ್ಯ ಹೆದ್ದಾರಿ ಕೊರಟಗೆರೆ, ಮಧುಗಿರಿಗಳನ್ನು ಬೆಸೆದು ಆಂಧ್ರದ ಗಡಿಯಲ್ಲಿರುವ ಪಾವಗಡವನ್ನು ಮುಟ್ಟುತ್ತದೆ. ಈ ದಾರಿಗಳಲ್ಲಿ ಸ್ವಂತ ಕಾರುಗಳೂ ಓಡುತ್ತವೆ. ಆದರೆ ಹಳ್ಳಿಗಳಿಂದ ಕಾಲೇಜಿಗೆ, ಸಂತೆಗೆ, ಆಸ್ಪತ್ರೆಗೆ ಹೊರಟ ಜನ ನೆಚ್ಚಿಕೊಂಡಿರುವುದು ಬಸ್ಸು, ಟೆಂಪೊ, ಕ್ರೂಸರ್‌ಗಳನ್ನು.

2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ, ಜನರಿಂದ ಕಿಕ್ಕಿರಿದಿದ್ದ ಖಾಸಗಿ ಬಸ್ಸು ಪಳವಳ್ಳಿ ಬಳಿ ಉರುಳಿ ವಿದ್ಯಾರ್ಥಿಗಳು ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಆಗಸ್ಟ್ 25ರ ಬೆಳಗಿನ ಜಾವ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಸಮೀಪ ಕ್ರೂಸರ್ ಮತ್ತು ಲಾರಿ ಡಿಕ್ಕಿಯಾಗಿ ಒಂಬತ್ತು ಮಂದಿ ಸತ್ತರು. ಅವರು ರಾಯಚೂರು ಜಿಲ್ಲೆಯಿಂದ ಕೂಲಿ ಅರಸಿ ಬೆಂಗಳೂರಿಗೆ ಹೊರಟಿದ್ದವರು. 2024ರ ಸೆಪ್ಟೆಂಬರ್‌ನಲ್ಲಿ ಮಧುಗಿರಿ ತಾಲ್ಲೂಕಿನಲ್ಲಿ ಎರಡು ಕಾರುಗಳು ಮುಖಾಮುಖಿಯಾಗಿ ಐವರು ಅಸುನೀಗಿದರು. ಈ ಪ್ರಕರಣಗಳಲ್ಲಿ ಯಾರ ತಪ್ಪೆಷ್ಟು ಎಂಬುದನ್ನು ನಿರ್ಣಯಿಸುವ ಕೆಲಸ ನನ್ನದಲ್ಲ. ನಾನು ಗಮನಿಸುವುದು ಒಂದನ್ನೇ: ಬಾಡಿಗೆಗೆ ಓಡುವ ವಾಹನದೊಳಗೆ ಕುಳಿತವನಿಗೆ ಅದರ ವೇಗದ ಮೇಲೆ ಯಾವ ಅಧಿಕಾರವೂ ಇರುವುದಿಲ್ಲ. ಎಷ್ಟೋ ಸಲ ಅದನ್ನು ಓಡಿಸುವವನಿಗೂ ಇರುವುದಿಲ್ಲ.

ಖಾಸಗಿ ಬಸ್ಸಿನ ಲೆಕ್ಕಾಚಾರ ನೋಡಿ. ಮುಂದಿನ ಬಸ್ಸು ಐದು ನಿಮಿಷ ಮೊದಲು ಹೋದರೆ ನಿಲ್ದಾಣದಲ್ಲಿ ಕಾದಿದ್ದ ಜನ ಅದರ ಪಾಲು. ಹಿಂದಿನದು ಬೆನ್ನು ಹತ್ತಿದ್ದರೆ ಇರುವ ಜನವೂ ಕೈತಪ್ಪುತ್ತಾರೆ. ಸಂಜೆ ಮಾಲೀಕ ಕೇಳುವುದು ಅಂದಿನ ಕಲೆಕ್ಷನ್ ಎಷ್ಟೆಂದು, ಮೀಟರಿನ ಮುಳ್ಳು ಎಷ್ಟಿತ್ತೆಂದಲ್ಲ. ತರಕಾರಿ ತುಂಬಿದ ಲಾರಿ ಹರಾಜಿಗೆ ಮೊದಲು ಮಾರುಕಟ್ಟೆ ಸೇರಬೇಕು. ತಡವಾದರೆ ಬೆಲೆ ಬಿದ್ದುಹೋಗುತ್ತದೆ. ಕ್ರೂಸರ್‌ನವನಿಗೆ ರಾತ್ರಿ ಒಂದು ಟ್ರಿಪ್, ಹಗಲು ಇನ್ನೊಂದು. ಹೊಸ ಬಸ್ಸು-ಲಾರಿಗಳಿಗೆ 80 ಕಿ.ಮೀ. ದಾಟದಂತೆ ತಡೆಯುವ ವೇಗ ನಿಯಂತ್ರಕವನ್ನು 2015ರ ಅಕ್ಟೋಬರ್‌ನಿಂದ ಕಡ್ಡಾಯಗೊಳಿಸಲಾಗಿದೆ. ಅದನ್ನು ಯಾರಾದರೂ ಕಳಚಿಸಿದ್ದರೆ, ಅದು ದಿನಸಂಬಳದ ಚಾಲಕ ತನ್ನ ಇಚ್ಛೆಯಿಂದ ಮಾಡಿದ ಕೆಲಸವೆಂದು ನಂಬುವುದು ಕಷ್ಟ.

ಅಚ್ಚರಿಯ ಸಂಗತಿಯೆಂದರೆ, 1988ರ ಕಾಯ್ದೆಯನ್ನು ರಚಿಸಿದವರಿಗೆ ಇದೆಲ್ಲ ಗೊತ್ತಿತ್ತು. 183ನೇ ಕಲಮು ವೇಗವಾಗಿ ಓಡಿಸಿದವನನ್ನು ಮಾತ್ರ ಹೆಸರಿಸುವುದಿಲ್ಲ; ತನ್ನ ಕೈಕೆಳಗಿನ ನೌಕರನಿಂದ ಹಾಗೆ ಓಡಿಸಿದವನನ್ನೂ ಹೆಸರಿಸುತ್ತದೆ. ಅದರ ನಾಲ್ಕನೆಯ ಉಪಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವೇಗಮಿತಿ ಮೀರದೆ ಪಾಲಿಸಲು ಸಾಧ್ಯವೇ ಇಲ್ಲದಂಥ ವೇಳಾಪಟ್ಟಿಯನ್ನು ಯಾರಾದರೂ ಪ್ರಕಟಿಸಿದರೆ, ಅಥವಾ ಇಷ್ಟು ಹೊತ್ತಿನೊಳಗೆ ಮುಟ್ಟಲೇಬೇಕೆಂದು ಸೂಚನೆ ಕೊಟ್ಟರೆ, ಆ ಪಟ್ಟಿ ಅಥವಾ ಸೂಚನೆಯೇ ಅವರ ವಿರುದ್ಧ ಮೇಲ್ನೋಟದ ಸಾಕ್ಷ್ಯವಾಗುತ್ತದೆ. 2019ರ ತಿದ್ದುಪಡಿಯಾದ ಮೇಲೆ ಚಾಲಕನಿಗೆ ಇರುವ ದಂಡವೇ ಅವರಿಗೂ ಇದೆ. ಇಷ್ಟು ಸ್ಪಷ್ಟವಾದ ಕಾನೂನು ಪುಸ್ತಕದಲ್ಲಿದ್ದರೂ ನಮ್ಮ ಕ್ಯಾಮೆರಾಗಳು ಕಳುಹಿಸುವ ಲಕ್ಷಾಂತರ ನೋಟಿಸುಗಳಲ್ಲಿ ಈ ಉಪಕಲಮಿನ ನೆರಳೂ ಕಾಣುವುದಿಲ್ಲ.

ಇಲ್ಲಿ ಸರ್ಕಾರದ ಪಾತ್ರವನ್ನೂ ಹೇಳಬೇಕು. ಖಾಸಗಿ ಬಸ್ಸುಗಳಿಗೆ ರಹದಾರಿ ಕೊಡುವುದು, ಅವುಗಳ ಸಮಯ ನಿಗದಿಪಡಿಸುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದರ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ಸಮಯದ ಕಡತಗಳಲ್ಲಿ ಎರಡು ಬಸ್ಸುಗಳ ನಡುವಿನ ನಿಮಿಷಗಳಿಗಾಗಿ ನಡೆಯುವ ವ್ಯಾಜ್ಯಗಳ ತೀವ್ರತೆಯನ್ನು ಸರ್ಕಾರಿ ಸೇವೆಯಲ್ಲಿದ್ದವರೆಲ್ಲ ಬಲ್ಲರು. ಆ ನಿಮಿಷಗಳನ್ನು 60 ಕಿ.ಮೀ. ಮಿತಿಯೊಳಗೆ, ಪ್ರತಿ ಹಳ್ಳಿಯಲ್ಲೂ ನಿಲ್ಲಿಸಿಕೊಂಡು ಕ್ರಮಿಸಲು ಸಾಧ್ಯವೇ ಎಂಬ ಪ್ರಶ್ನೆ ವ್ಯಾಜ್ಯಗಾರರಿಬ್ಬರಿಗೂ ಬೇಕಾಗಿಲ್ಲ. ಬೇಕಾಗಿರುವುದು ಪ್ರಯಾಣಿಕನಿಗೆ. ಆದರೆ ಅವನು ಆ ಸಭೆಯಲ್ಲಿ ಇರುವುದಿಲ್ಲ.

ಇನ್ನು ದಂಡದ ಅರ್ಥಶಾಸ್ತ್ರ. ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ದಂಡ ಹಾಕಿ ನಡೆಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ದಂಡ ಬಂದ ಮೇಲೆ ತಡಮಾಡುವವರು ಕಡಿಮೆಯಾಗುವ ಬದಲು ಹೆಚ್ಚಾದರು. ಮೊದಲು ಸಂಕೋಚಪಡುತ್ತಿದ್ದವರು ಈಗ ಹಣ ಕೊಟ್ಟಿದ್ದೇವಲ್ಲ ಎಂದುಕೊಂಡರು. ಶಿಕ್ಷೆ ಬೆಲೆಯಾಗಿ ಮಾರ್ಪಟ್ಟಿತು. ನಮ್ಮಲ್ಲಿ ಆ ಬೆಲೆಗೆ ರಿಯಾಯಿತಿಯೂ ಉಂಟು. 2023ರ ಫೆಬ್ರುವರಿಯಲ್ಲಿ ಬಾಕಿ ಸಂಚಾರ ದಂಡಗಳಿಗೆ ಶೇಕಡ 50ರಷ್ಟು ವಿನಾಯಿತಿ ನೀಡಿದಾಗ ಬೆಂಗಳೂರಿನಲ್ಲೇ 120 ಕೋಟಿ ರೂಪಾಯಿ ಹರಿದುಬಂತು. 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಅದೇ ಸೌಲಭ್ಯ ಮತ್ತೆ ಬಂದಾಗ 100 ಕೋಟಿಗೂ ಹೆಚ್ಚು ಸಂಗ್ರಹವಾಯಿತು. ಖಜಾನೆಗೆ ಲಾಭವೇ ಸರಿ. ಆದರೆ ಸಮಯಕ್ಕೆ ಸರಿಯಾಗಿ ಕಟ್ಟಿದವನು ಪೆದ್ದ, ಕಾದವನು ಜಾಣ ಎಂಬ ಪಾಠವನ್ನು ಸರ್ಕಾರವೇ ಕಲಿಸಿದಂತಾಯಿತು. ಫಿನ್ಲೆಂಡಿನಲ್ಲಿ ಗಂಭೀರ ವೇಗದ ದಂಡವನ್ನು ಆದಾಯಕ್ಕೆ ತಕ್ಕಂತೆ ಲೆಕ್ಕಹಾಕುತ್ತಾರೆ. 2023ರಲ್ಲಿ ಅಲ್ಲಿನ ಶ್ರೀಮಂತ ಉದ್ಯಮಿಯೊಬ್ಬರು 50ರ ಮಿತಿಯಲ್ಲಿ 82ರ ವೇಗದಲ್ಲಿ ಹೋಗಿದ್ದಕ್ಕೆ 1,21,000 ಯೂರೊ ತೆತ್ತರು. ಆದಾಯದ ಲೆಕ್ಕವೇ ಪಕ್ಕಾ ಇಲ್ಲದ ನಮ್ಮ ದೇಶದಲ್ಲಿ ಆ ಪದ್ಧತಿ ಕಷ್ಟಸಾಧ್ಯ. ಆದರೆ ದಂಡ ನೋಯಬೇಕಾದವನಿಗೆ ನೋಯಬೇಕೆಂಬ ಅದರ ತತ್ತ್ವ ನಮಗೂ ಅನ್ವಯಿಸುತ್ತದೆ.

ಹಾಗಾದರೆ ಚಾಲಕರೆಲ್ಲ ನಿರಪರಾಧಿಗಳೇ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ಮೋಜಿಗಾಗಿ ಕಾರು ಹಾರಿಸುವವನಿಗೂ, ಕುಡಿದು ಲಾರಿ ಓಡಿಸುವವನಿಗೂ ನನ್ನ ಅನುಕಂಪವಿಲ್ಲ. ಸ್ವಂತ ವಾಹನದಲ್ಲಿ ವೇಗ ಹೆಚ್ಚಿಸುವ ನಮ್ಮಂಥವರ ಬೆನ್ನ ಹಿಂದೆ ಯಾವ ಮಾಲೀಕನೂ ಇಲ್ಲ. ನಮಗೆ ನೆಪವೂ ಇಲ್ಲ. ಚಾಲಕನನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ, ಅವನಲ್ಲಿಗೇ ನಿಲ್ಲಬೇಡಿ ಎನ್ನುತ್ತಿದ್ದೇನೆ.

ಮಾಡಬೇಕಾದ್ದು ಹೊಸ ಕಾನೂನಲ್ಲ, ಇರುವುದರ ಬಳಕೆ. ಒಂದೇ ವಾಣಿಜ್ಯ ವಾಹನದ ಮೇಲೆ ವರ್ಷದಲ್ಲಿ ಮೂರು ವೇಗದ ಪ್ರಕರಣ ದಾಖಲಾದರೆ ಚಾಲಕನ ಪರವಾನಗಿಯ ಜೊತೆಗೆ ಮಾಲೀಕನ ರಹದಾರಿಯೂ ವಿಚಾರಣೆಗೆ ಒಳಪಡಲಿ. ಮಾಲೀಕನಿಗೆ ಕೊಟ್ಟ ದಂಡವನ್ನು ಚಾಲಕನ ಸಂಬಳದಲ್ಲಿ ಮುರಿಯಕೂಡದೆಂಬ ಷರತ್ತು ರಹದಾರಿಯಲ್ಲೇ ಸೇರಲಿ. ಪ್ರತಿ ಮಾರ್ಗದ ಸಮಯವನ್ನು ವೇಗಮಿತಿಯೊಂದಿಗೆ ತಾಳೆ ನೋಡಿ, ಅಸಾಧ್ಯವಾದುದನ್ನು ಪ್ರಾಧಿಕಾರವೇ ತಿದ್ದಲಿ. ಶಿರಾ ಸಮೀಪದ ಟೋಲ್ ದಾಟಿದ ವಾಹನ ಹಿರಿಯೂರು ತಾಲ್ಲೂಕಿನ ಗುಯಿಲಾಳು ಟೋಲ್ ಮುಟ್ಟಲು ಎಷ್ಟು ನಿಮಿಷ ತೆಗೆದುಕೊಂಡಿತೆಂಬುದನ್ನು ಫಾಸ್ಟ್ಯಾಗ್ ಬಲ್ಲದು. ಕ್ಯಾಮೆರಾ ಕಂಡೊಡನೆ ಬ್ರೇಕ್ ಒತ್ತುವ ಜಾಣತನ ಆ ಲೆಕ್ಕದ ಮುಂದೆ ನಡೆಯದು. 2021ರ ನಿಯಮದಂತೆ ಉಲ್ಲಂಘನೆಯ ನೋಟಿಸು 15 ದಿನಗಳೊಳಗೆ ತಲುಪಬೇಕು. ತಿಂಗಳುಗಟ್ಟಲೆ ಸಾಲಾಗಿ ಪೇರಿಸಿ ಆಮೇಲೆ ಅರ್ಧ ಬೆಲೆಗೆ ಮಾರುವ ಪದ್ಧತಿಗೆ ಪೂರ್ಣವಿರಾಮ ಬೀಳಲಿ.

ಶಿರಾದ ಹೆದ್ದಾರಿಯಲ್ಲಿ ಕ್ಯಾಮೆರಾದ ಕಣ್ಣಿಗೆ ಬೀಳುವುದು ಒಂದು ಕ್ಷಣದ ವೇಗ. ಆ ವೇಗ ಬೆಳಿಗ್ಗೆ ಮಾಲೀಕನ ಅಂಗಳದಲ್ಲಿ, ಮಂಡಿಯ ಹರಾಜುಕಟ್ಟೆಯಲ್ಲಿ, ಕೆಲವೊಮ್ಮೆ ಸರ್ಕಾರಿ ಕಚೇರಿಯ ಮೇಜಿನ ಮೇಲೇ ನಿಶ್ಚಯವಾಗಿರುತ್ತದೆ. ದಂಡದ ನೋಟಿಸು ಅಲ್ಲಿಯವರೆಗೂ ಹೋಗುವ ದಾರಿ ಕಲಿತರೆ ಮಾತ್ರ, ಪಾವಗಡದ ಬಸ್ಸಿನಲ್ಲಿ ಮಗಳನ್ನು ಕಾಲೇಜಿಗೆ ಕಳುಹಿಸುವ ತಾಯಿ ಸಂಜೆಯವರೆಗೆ ಬಾಗಿಲ ಕಡೆ ನೋಡುತ್ತಾ ಕೂರುವುದು ತಪ್ಪೀತು.